ಸುವರ್ಣಾಳ ಬಾಯಿಂದ ತಾವು ಹೇಳಿಸಿದ ಸುಳ್ಳು

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ಹೆಂಡತಿ ಪ್ಯಾರಿಬಿಯ ಸಾವಿಗೆ ನಮ್ಮೂರ ಆಶಾ ಕಾರ್ಯಕರ್ತೆ ಸುವರ್ಣಾಳೇ ಕಾರಣ ಎಂದು ಬರೆಸಿಕೊಂಡು ಬರಲು ತಾವು ಮೊನ್ನೆ ನನ್ನ ಬಳಿಗೆ ಜವಾನನನ್ನು ಕಳಿಸಿದ್ದಿರಿ. ಹಾಗೆ ಬರೆಯಲಾರೆ. ಬದಲಿಗೆ ಇದನ್ನು ಬರೆದಿದ್ದೇನೆ. ನಾಲ್ಕು ಜನ ಓದಲಿ ಎಂದು ಪತ್ರಿಕೆಗೂ ಕೊಟ್ಟಿದ್ದೇನೆ.

ನಡೆದದ್ದು ತಮಗೆ ಗೊತ್ತಿದೆ. ಆದರೆ ತಮ್ಮ ನೆನಪಿನ ಶಕ್ತಿಯ ಮೇಲೆ ನನಗೆ ಗೌರವ ಉಳಿದಿಲ್ಲ, ಹಾಗಾಗಿ ಹೇಳುತ್ತೇನೆ. ಈ ಮಳೆಗಾಲದ ಆರಂಭದಲ್ಲಿ ನಿಂಬರ್ಗಾದಾಚೆಯ ನಮ್ಮ ಹಳ್ಳಿಯಲ್ಲಿ ವಾಂತಿಭೇದಿ ಶುರುವಾಯಿತು. ನಳದ ಪೈಪು ಚರಂಡಿಯೊಳಗಿಂದಲೇ ಹಾದುಹೋಗಿದೆ. ಅದನ್ನು ಕಾಣಲು ಡಾಕ್ಟರಿಕೆ ಓದಬೇಕಿಲ್ಲ, ಕತ್ತು ಬಗ್ಗಿಸಿದರೆ ಸಾಕು. ಜನ ನಳ ಬಿಟ್ಟು ಗುರುಶಾಂತನ ತೊಗರಿ ಹೊಲದ ಬಾವಿಗೆ ಹೋಗತೊಡಗಿದರು. ಸುವರ್ಣಾ ಓಆರ್‌ಎಸ್ ಪೊಟ್ಟಣ ಹಂಚುತ್ತ, ಕಾಯಿಸಿದ ನೀರನ್ನೇ ಕುಡಿಯಿರಿ ಎನ್ನುತ್ತ ಓಣಿ ಓಣಿ ತಿರುಗುತ್ತಿದ್ದಳು. ಆಗ ತಮ್ಮ ಜೀಪು ಬಂತು. ಊರಿಗೆ ರೋಗ ಬಂತೆಂದಲ್ಲ, ಊರಿನ ಹೆಸರು ಟಿವಿಯಲ್ಲಿ ಬಂತೆಂದು.

ಶಾಲೆಯ ಗೋಡೆಗೆ ಹೊಂದಿಕೊಂಡೇ ನನ್ನ ಹೊಲಿಗೆ ಅಂಗಡಿ. ಶಾಲೆಯಂಗಳದಲ್ಲಿ ತಾವು ಆಡಿದ್ದೆಲ್ಲ ನನಗೆ ಕೇಳಿಸಿತು. “ನೀರು ಶುದ್ಧವಾಗಿದೆ ಅಂತ ಪ್ರತಿ ಮನೆಗೂ ಹೋಗಿ ಹೇಳು” ಎಂದು ಸುವರ್ಣಾಳಿಗೆ ಹೇಳಿದಿರಿ.

“ಪರೀಕ್ಷೆ ರಿಪೋರ್ಟ ಬಂದದೇನ್ರಿ ಸಾಹೇಬ್ರ?” ಎಂದಳು ಸುವರ್ಣಾ.

“ಬರುತ್ತೆ. ಮೊದಲು ಜನರ ಗಾಬರಿ ನಿಲ್ಲಬೇಕು. ನಾವು ಹೇಳಿದರೆ ನಂಬಲ್ಲ, ನೀನು ಹೇಳಿದರೆ ನಂಬ್ತಾರೆ. ಆಗಲ್ಲ ಅಂದರೆ ಬೇರೆಯವರನ್ನ ನೋಡ್ತೀವಿ.”

ತಮ್ಮ ಇಡೀ ಸೇವಾವಧಿಯಲ್ಲಿ ತಾವು ಆಡಿದ ಏಕೈಕ ಸತ್ಯ ಅದೇ ಇರಬೇಕು. ತಮ್ಮನ್ನು ಯಾರೂ ನಂಬುವುದಿಲ್ಲ. ಅವಳನ್ನು ನಂಬುತ್ತಿದ್ದರು. ಯಾಕೆ? ನನ್ನ ಮಗಳು ಕೈನಾತಳಿಗೆ ಹೆರಿಗೆ ನೋವು ಬಂದಾಗ, ಹಳ್ಳ ತುಂಬಿ ಆಂಬುಲೆನ್ಸ್ ಆಚೆ ದಡದಲ್ಲೇ ನಿಂತಾಗ, ಟ್ರ್ಯಾಕ್ಟರಿನಲ್ಲಿ ಮಗಳನ್ನು ತಬ್ಬಿ ಹಿಡಿದು ದಾಟಿಸಿದವಳು ಸುವರ್ಣಾ. ಕೊರೊನಾ ಕಾಲದಲ್ಲಿ ಬೈದು ಬಾಗಿಲು ಮುಚ್ಚಿಕೊಂಡವರ ಹೊಸ್ತಿಲಿಗೇ ಮರುದಿನ ಮತ್ತೆ ಹೋಗಿ ನಿಂತವಳು. ವರ್ಷಗಟ್ಟಲೆ ನಡೆದು ಗಳಿಸಿದ ಆ ನಂಬಿಕೆಯನ್ನು ತಾವು ಒಂದೇ ಮಧ್ಯಾಹ್ನದಲ್ಲಿ ಖರ್ಚು ಮಾಡಿ ಹೊರಟುಹೋದಿರಿ.

ಅವಳು ನಮ್ಮ ಮನೆಗೂ ಬಂದಳು. ತಲೆ ತಗ್ಗಿಸಿಯೇ ಹೇಳಿದಳು, “ನಳದ ನೀರು ಛಲೋ ಅದ ಅಂತ್ರಿ ಚಾಚಿ. ಸಾಹೇಬ್ರು ಹೇಳ್ಯಾರ.”

“ಸಾಹೇಬ್ರದು ಬಿಡ ಬೇ. ನೀ ಹೇಳಾಕತ್ತಿ ಅಂದ್ರ ಆತು” ಎಂದಳು ಪ್ಯಾರಿಬಿ. ಮೊಣಕಾಲು ನೋವಿನವಳು, ಬಾವಿಯವರೆಗೆ ನಡೆಯುವುದು ತಪ್ಪಿತಲ್ಲ ಎಂದು ಅವಳಿಗೆ ಸಮಾಧಾನ. ಅಂದೇ ನಳದ ಕೆಳಗೆ ಕೊಡ ಇಟ್ಟಳು.

ಮರುದಿನವೇ ಹಾಸಿಗೆ ಹಿಡಿದಳು. ಆಳಂದದ ದಾರಿಯಲ್ಲಿ, ಆಟೋದೊಳಗೆ, ಸುವರ್ಣಾಳ ತೊಡೆಯ ಮೇಲೆ ತಲೆಯಿಟ್ಟು ಜೀವ ಬಿಟ್ಟಳು. ಆಮೇಲೂ ಚಮಚದಿಂದ ನೀರು ಹಾಕುತ್ತಲೇ ಇದ್ದ ಸುವರ್ಣಾಳ ಕೈಯನ್ನು ನಾನೇ ಹಿಡಿದು ನಿಲ್ಲಿಸಬೇಕಾಯಿತು.

ಅನಂತರ ತಮ್ಮ ವರದಿ ದಯಮಾಡಿಸಿತು. ನೀರು ಕುಡಿಯಲು ಯೋಗ್ಯವಲ್ಲವಂತೆ. “ಸ್ಥಳೀಯ ಕಾರ್ಯಕರ್ತೆ ಜನರಿಗೆ ತಪ್ಪು ಮಾಹಿತಿ ನೀಡಿದ್ದಾರೆ” ಎಂದು ಪತ್ರಕರ್ತರ ಮುಂದೆ ಘೋಷಿಸಿ ತಾವು ಅವಳನ್ನು ಕೆಲಸದಿಂದ ತೆಗೆದಿರಿ. ಮಾತು ತಮ್ಮದು, ಶಿಕ್ಷೆ ಅದನ್ನು ಹೊತ್ತು ತಿರುಗಿದವಳಿಗೆ. ಇದಕ್ಕೆ ಇಲಾಖೆಯ ಭಾಷೆಯಲ್ಲಿ ಕ್ರಮ ಜರುಗಿಸುವುದು ಎನ್ನುತ್ತಾರೆಂದು ಕೇಳಿದ್ದೇನೆ.

ಈಗ ಊರಲ್ಲಿ ಅವಳಿಗೆ ಬಾಗಿಲು ತೆರೆಯುವವರಿಲ್ಲ. ತಾವು ಕಳಿಸಿದ ಹೊಸಬಳಿಗೂ ಇಲ್ಲ. ಜ್ವರದ ಕೂಸನ್ನು ತೋರಿಸಿ ಎಂದರೆ, “ಈ ಸಲ ಏನ್ ಸುಳ್ಳು ತಂದೀರಿ?” ಎಂದು ಕೇಳುತ್ತಾರೆ. ನಾಳೆ ಇನ್ನೊಂದು ರೋಗ ಬಂದರೆ ಯಾರ ಬಾಯಿಯನ್ನು ಬಾಡಿಗೆಗೆ ಪಡೆಯುತ್ತೀರಿ?

ಸುವರ್ಣಾ ನನ್ನ ಮನೆಗೆ ಬಂದು ಹೊರಗೇ ನಿಂತಿದ್ದಳು. “ನಾ ಒಪ್ಪಬಾರದಿತ್ತ್ರಿ ಚಾಚಾ. ನೀವು ಏನ್ ಬರದುಕೊಟ್ರೂ ನಾ ಸುಮ್ನ ಇರ್ತೇನಿ” ಎಂದಳು. ಅವಳ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಸಿಟ್ಟಿದೆ. ಆದರೆ ಅವಳು ತಪ್ಪನ್ನು ತಾನೇ ಹೊತ್ತು ನನ್ನೆದುರು ಬಂದಳು. ತಾವು ಜವಾನನನ್ನು ಕಳಿಸಿದಿರಿ.

ನನ್ನ ಬೇಡಿಕೆ ಇಷ್ಟೇ. ಸುವರ್ಣಾಳನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಿ. ಆಮೇಲೆ ಅವಳ ಹಿಂದೆ ನಮ್ಮೂರ ಪ್ರತಿ ಮನೆಗೂ ಕಾಲ್ನಡಿಗೆಯಲ್ಲಿ ಬಂದು, ಆ ಸುಳ್ಳು ತಮ್ಮದು ಎಂದು ತಾವೇ ಹೇಳಿ. ಹೆಚ್ಚಿನವರು ಬಾಗಿಲು ತೆರೆಯಲಿಕ್ಕಿಲ್ಲ. ಆಗ ಹೊರಗೆ ಬಿಸಿಲಲ್ಲಿ ನಿಂತು ಕಾಯಿರಿ. ಹೇಗೆ ಕಾಯಬೇಕೆಂದು ಸುವರ್ಣಾ ಹೇಳಿಕೊಡುತ್ತಾಳೆ.

ಇಂತಿ,
ಈ ವಯಸ್ಸಿನಲ್ಲಿ ಒಬ್ಬನಿಗಷ್ಟೇ ಚಹಾ ಕಾಸಲು ಕಲಿಯುತ್ತಿರುವ
ದರ್ಜಿ ಕರೀಮಸಾಬ