ಮಾವನ ಖೋಲಿಯ ವಾಸನೆ

ಮೇ ೧೨, ಸೋಮವಾರ. ಅಫಜಲಪುರ.

ಇವತ್ತೂ ಪೇಂಟಿನ ವಾಸನೆ ಪೂರ್ತಿ ಹೋಗಲಿಲ್ಲ. ಮಾವನ ಖೋಲಿಗೆ ಇರುವುದೇ ಒಂದು ಗೇಣುದ್ದದ ಕಿಟಕಿ. ಅಂಥದ್ದಕ್ಕೆ ಸುಣ್ಣ ಬಿಟ್ಟು ಎಣ್ಣೆ ಪೇಂಟ್ ಹೊಡೆಸಿದ ಜಾಣೆ ನಾನೇ. ಕಣ್ಣು ಕಾಣದವರು, ಗೋಡೆ ಹಿಡಿದು ನಡೆದರೆ ಅಂಗೈಗೆ ಸುಣ್ಣ ಹತ್ತದಿರಲಿ ಎಂದುಕೊಂಡಿದ್ದೆ.

ಬೆಳಿಗ್ಗೆ ಫ್ಯಾನನ್ನು ಬಾಗಿಲ ಕಡೆ ತಿರುಗಿಸಿ ಇಟ್ಟೆ. ಊದುಬತ್ತಿ ಹಚ್ಚಲು ಹೋದರೆ ಪಕ್ಕದ ಮನೆಯ ನಸ್ರೀನ ತಡೆದಳು. "ವಾಸನಿ ಮ್ಯಾಲ ವಾಸನಿ ಯಾಕ್ರಿ ಅಕ್ಕಾ? ಉಳ್ಳಾಗಡ್ಡಿ ಕೊಯ್ದು ನೀರಾಗ ಹಾಕಿ ಇಡ್ರಿ." ಇಟ್ಟೆ. ಮೂಲೆಗೆ ಒಂದು ಬುಟ್ಟಿ ಇದ್ದಿಲನ್ನೂ ಇಟ್ಟೆ. ಸಂಜೆಗೆ ಘಾಟು ತಗ್ಗಿತು. ಮಾವನನ್ನು ಕರೆದೆ.

ಹೊಸ್ತಿಲ ತನಕ ಬಂದು ನಿಂತುಬಿಟ್ಟರು. "ಎಲ್ಲಿಗಿ ತಂದಿ ಯವ್ವಾ? ನನ್ನ ಖೋಲಿಗಿ ಕರ್ಕೊಂಡು ಹೋಗು."

ಕಣ್ಣಿಲ್ಲದವರಿಗೆ ಖೋಲಿಯ ಗುರುತು ಮೂಗಿನಲ್ಲಿತ್ತು ಎಂದು ಆಗ ಹೊಳೆಯಿತು. ಅವರ ಹಳೆಯ ಕಂಬಳಿ ತಂಬಾಕು, ವಿಭೂತಿ, ಬೆವರು ಎಲ್ಲ ಸೇರಿ ನಾರುತ್ತದೆ, ಹೊಸ ಪೇಂಟಿನ ಖೋಲಿಗೆ ಬೇಡ ಎಂದು ಹಿತ್ತಲ ಕಟ್ಟಿಗೆಯ ಮೇಲೆ ಎಸೆದಿದ್ದೆ. ಓಡಿಹೋಗಿ ಝಾಡಿಸಿ ತಂದು ಮಂಚದ ಮೇಲೆ ಹಾಸಿದೆ.

ಮಾವ ಮೂಗರಳಿಸಿದರು. ಕೈಕೋಲನ್ನು ನನ್ನ ಕೈಗೆ ಕೊಟ್ಟು, ಗೋಡೆಯನ್ನೂ ಮುಟ್ಟದೆ, ನೆಟ್ಟಗೆ ಮಂಚದ ಕಡೆ ನಡೆದರು.

ಈಗ ಗೊರಕೆ ಕೇಳುತ್ತಿದೆ. ಆ ಕಂಬಳಿ ಒಗೆಯಲು ಕೊಡಿ ಎಂದು ಎಷ್ಟು ವರ್ಷ ಜಗಳ ತೆಗೆದಿದ್ದೇನೆ. ಅದೊಂದು ವಿಷಯದಲ್ಲಿ ಅವರು ನನ್ನ ಮಾತು ಕೇಳಿದ್ದರೆ ಇವತ್ತು ಮಂಚದ ದಾರಿ ತೋರಿಸಲು ಆ ವಾಸನೆಯೂ ಉಳಿದಿರುತ್ತಿರಲಿಲ್ಲ.