ಫ್ರೊನ್ಸಾಕ್‌ನಲ್ಲಿ ನಮ್ಮ ಪೀಪಾಯಿ

ಅಣ್ಣಾ,
ನಾನು ಕೂಲಿಗಿರುವ ಇಲ್ಲಿಯ ದ್ರಾಕ್ಷಿ ತೋಟದ ಧಣಿ ನಮ್ಮೂರಿನ ಕೆಂಪು ವೈನನ್ನು ತನ್ನ ತೋಟದ್ದೆಂದು ಹೇಳಿ ಮಾರುತ್ತಿದ್ದಾನೆ. ನಿನ್ನೆ ಹಿಂದಿನ ಕೊಟ್ಟಿಗೆಗೆ ಹೋದಾಗ ಹುಲ್ಲಿನಡಿ ನಮ್ಮ ದಕ್ಷಿಣದ ದೊಡ್ಡ ಪೀಪಾಯಿಗಳನ್ನು ಕಂಡೆ. ಇಲ್ಲಿಯ ಪೀಪಾಯಿಗಳು ಅವುಗಳ ಅರ್ಧವೂ ಇರುವುದಿಲ್ಲ. ಒಂದರ ತಳದಲ್ಲಿ, ಸೋರದಂತೆ ನೀನೇ ಜೊಂಡು ತುರುಕಿ ಕೊಬ್ಬು ಬಳಿದಿದ್ದ ಸೀಳು ಹಾಗೆಯೇ ಇದೆ. ಪೀಪಾಯಿ ಮಾತ್ರ ಖಾಲಿ. ಪಕ್ಕದಲ್ಲಿ ಧಣಿಯ ಮುದ್ರೆಯ ಪೀಪಾಯಿಗಳು ತುಂಬಿ ನಿಂತಿವೆ.

ಉಗ್ರಾಣದ ಮೇಸ್ತ್ರಿ ಲಾಫೋನ್‌ನನ್ನು ಕೇಳಿದೆ. "ಅದು ಕೂಲಿಯವ್ರು ಕುಡಿಯೋಕೆ ತರಿಸಿದ್ದು ಕಣೋ. ನಿಮ್ಮೂರ ರೈತರ ಗಲಾಟೆ ಕರಪತ್ರ ಓದಿದ್ದು ಸಾಕು, ತೊಟ್ಟಿ ತಿಕ್ಕು ನಡಿ, ದಕ್ಷಿಣದ ದೊರೆ" ಎಂದ. ನಮಗೆ ಕುಡಿಯಲು ಕೊಡುವುದು ಹಿಂಡಿದ ಸಿಪ್ಪೆಗೆ ನೀರು ಹೊಯ್ದದ್ದು. ಸಂಜೆಯೊಳಗೆ ಕೊಟ್ಟಿಗೆಗೆ ಬೀಗ ಬಿತ್ತು.

ನಮ್ಮ ವೈನು ಒರಟೆಂದು ಅಪ್ಪನಿಗೆ ಬೆಲೆ ಇಳಿಸಿದ ದಲ್ಲಾಳಿ ಬಾರ್ತೆಸ್‌ಗೆ ಇದು ಗೊತ್ತಿಲ್ಲವೆಂದರೆ ನಾನು ನಂಬುವುದಿಲ್ಲ. ಅವನು ಸೋಮವಾರ ಬಂದರೆ ಈ ವರ್ಷದ ವೈನನ್ನು ಕೊಡಲು ಅಪ್ಪನನ್ನು ಬಿಡಬೇಡ. ನಾನೇ ಅವನೆದುರು ನಿಂತು ಕೇಳುತ್ತೇನೆ.

ನನ್ನ ಕೆಮ್ಮು ಕಡಿಮೆಯಾಗಿದೆ. ಇಲ್ಲಿಯ ಅಂಚೆಯವನು ಧಣಿಯ ಭಾವಮೈದುನ, ಹಾಗಾಗಿ ಈ ಕಾರ್ಡನ್ನು ಪಕ್ಕದ ಪಟ್ಟಣ ಲಿಬೋರ್ನ್‌ವರೆಗೆ ನಡೆದು ಹಾಕುತ್ತಿದ್ದೇನೆ. ನಾನು ಊರಿಗೆ ಬರುತ್ತಿದ್ದೇನೆ, ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾರ್ಬೋನ್ ಸ್ಟೇಷನ್ನಿನಲ್ಲಿ ಗಾಡಿ ಹೂಡಿಕೊಂಡು ಕಾದಿರು.
ಸಿಲ್ವೇನ್