ಮೇಲಿನ ಷಡ್ಜ

ಜೂನ್ 24, ಸೋಮವಾರ
ಬಸ್ಸು ಲೇಟು. ನಗರಗೆರೆಯ ಶಾಲೆ ತಲುಪುವಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು. ಸಂಗೀತದ ಪಿರಿಯಡ್ಡಿನಲ್ಲಿ ಏಳನೇ ಕ್ಲಾಸಿಗೆ ಸರಳೆ ವರಸೆ. ಅರ್ಧ ಮಕ್ಕಳು ಶ್ರುತಿ ಬಿಟ್ಟು ಊರೆಲ್ಲ ತಿರುಗಿ ಬಂದರು.

ಸಂಜೆ ಸೈನ್ಸ್ ಮೇಷ್ಟ್ರು ವೇಣು ಒಂದು ಟಿಫಿನ್ ಡಬ್ಬಿ ತಂದಿಟ್ಟರು. ಮಕ್ಕಳೇ ಸಾಲ್ಡರಿಂಗ್ ಮಾಡಿದ್ದಂತೆ. ಮುಚ್ಚಳದಲ್ಲಿ ಮೈಕು, ಎರಡು ಪುಟ್ಟ ದೀಪ. ಸ್ವರ ಸರಿಯಿದ್ದರೆ ಹಸಿರು, ತಪ್ಪಿದರೆ ಕೆಂಪು. ಪ್ರೋಗ್ರಾಮು ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಕ್ಕಿತಂತೆ, ಯಾರು ಬೇಕಾದರೂ ತಿದ್ದಬಹುದಂತೆ.

"ಒಂದ್ ವಾರ ಇಟ್ಕೊಂಡ್ ನೋಡಿ ಮೇಡಂ. ಬೇಡ ಅಂದ್ರೆ ವಾಪಸ್ ತಗೊಂಡ್ ಹೋಗ್ತೀನಿ."

ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದ ಹಾಗೆ. ಆದರೂ ಇಟ್ಟುಕೊಂಡೆ.

ಜೂನ್ 27
ಒಪ್ಪಬೇಕು... ಮಕ್ಕಳು ಹಸಿರಾಗುವವರೆಗೂ ಬಿಡುತ್ತಿಲ್ಲ. ಬಾಯೇ ತೆರೆಯದ ಹಿಂದಿನ ಬೆಂಚಿನವರೂ ಸಾಲು ನಿಂತಿದ್ದಾರೆ.

ಆದರೆ ನನ್ನ ಮರ್ಯಾದೆ ಹೋಯಿತು. ದೊಡ್ಡದಾಗಿ ತೋಡಿ ರಾಗ ಹಾಡಿ ತೋರಿಸಲು ಹೋದೆ. ಗಾಂಧಾರಕ್ಕೆ ಕೆಂಪು. ಮೇಲಿನ ಷಡ್ಜಕ್ಕೂ, ಅಂದರೆ ಮೇಲಿನ ಸಾಗೂ, ಕೆಂಪು. ಮುಂದಿನ ಬೆಂಚಿನ ಬಾಯಿಬಡುಕಿ ಹರಿಣಿ, "ಮಿಸ್, ನಿಮ್ಗೂ ಕೆಂಪು ಬರುತ್ತಾ?" ಅಂದಳು. ಕ್ಲಾಸೆಲ್ಲ ನಗು. ನನಗೆ ಮೈಯೆಲ್ಲ ಉರಿ. ಡಬ್ಬಿಯನ್ನು ಬೀರುವಿಗೆ ತಳ್ಳಿ ಬೀಗ ಹಾಕಿದೆ.

ಜುಲೈ 3
ಡಬ್ಬಿ ಇಲ್ಲದೆ ಕ್ಲಾಸು ಮಂಕು. ವೇಣು ಬಂದು ಕೇಳಿದರು. ತಡೆಯಲಾಗಲಿಲ್ಲ, ಬಯ್ದುಬಿಟ್ಟೆ. "ತೋಡಿ ಗಾಂಧಾರ ಗೂಟ ಹೊಡ್ದಂಗೆ ನಿಲ್ಲಲ್ಲ ಮೇಷ್ಟ್ರೇ, ಅಲ್ಲಾಡ್ಬೇಕು. ನಿಮ್ ಡಬ್ಬಿಗೆ ಅಷ್ಟೂ ಗೊತ್ತಿಲ್ಲ."

ಕೋಪ ಮಾಡಿಕೊಳ್ಳಲಿಲ್ಲ ಪುಣ್ಯಾತ್ಮ. "ಅದಕ್ಕೆ ಗೊತ್ತಿಲ್ಲ, ನಿಮ್ಗೆ ಗೊತ್ತಲ್ಲ. ಎಲ್ಲಿಂದ ಎಲ್ಲೀವರ್ಗೂ ಅಲ್ಲಾಡ್ಬೇಕು, ಹಾಡಿ ತೋರ್ಸಿ. ಕೋಡ್ ತಿದ್ದಣ."

ಹಾಡಿದೆ. ವೇಣು ಹೇಳಿಕೊಟ್ಟ ಹಾಗೆ ಹರಿಣಿ ಲ್ಯಾಪ್‌ಟಾಪಿನಲ್ಲಿ ತಿದ್ದಿದಳು. ಮತ್ತೆ ಹಾಡಿದೆ, ಮತ್ತೆ ತಿದ್ದಿದಳು. ಕೊನೆಗೆ ಗಾಂಧಾರ ಹಸಿರು. ನನ್ನ ಗುರುಗಳು ಸ್ವರ ಅಲ್ಲಾಡಿಸುತ್ತಿದ್ದ ಆ ಗಮಕ ಡಬ್ಬಿಗೂ ಬಂತು. ಹೆಮ್ಮೆಯಾಯಿತು, ಸುಳ್ಳೇಕೆ.

ಮೇಲಿನ ಷಡ್ಜ ಮಾತ್ರ ಇನ್ನೂ ಕೆಂಪು.

"ಇದನ್ನೂ ತಿದ್ಲಾ ಮಿಸ್?"

ವೇಣು ಫ್ಯಾನು ನೋಡತೊಡಗಿದರು. ಷಡ್ಜ ಅಲ್ಲಾಡುವ ಸ್ವರವಲ್ಲ. "ಬೇಡಮ್ಮ," ಅಂದೆ. ಡಬ್ಬಿ ಮನೆಗೆ ತಂದೆ.

ಜುಲೈ 4, ಬೆಳಿಗ್ಗೆ
ಕುಣಿಯಲು ಬಾರದವಳಿಗೆ ನೆಲ ಡೊಂಕು. ಡಬ್ಬಿಯದು ತಪ್ಪಿಲ್ಲ, ನನ್ನ ಸ್ವರವೇ ಇಳಿದಿದೆ. ಯಾವಾಗಿನಿಂದಲೋ... ಟೀಚರಿಗೆ ಯಾರು ಹೇಳುತ್ತಾರೆ? ಸ್ವಲ್ಪ ಹೊತ್ತು ಅತ್ತೆ. ಆಮೇಲೆ ನೀರು ಕಾಯಿಸಿ ಕುಡಿದು, ಕೆಳಗಿನ ಸಾ ಹಿಡಿದು ಕೂತೆ.

ಜುಲೈ 19
ದಿನಾ ಬೆಳಿಗ್ಗೆ ಸಾಧಕ. ಇದನ್ನು ಬಿಟ್ಟು ಎಷ್ಟು ವರ್ಷವಾಗಿತ್ತೋ. ಸುಖವಾಗಿದೆ. ಪಕ್ಕದ ಮನೆಯ ಗಂಗುಲಮ್ಮ ಕಾಂಪೌಂಡಿನಾಚೆಯಿಂದ, "ಏನಮ್ಮ ಕಲ್ಯಾಣಿ, ದಿನಾ ಅದ್ನೇ ಹಾಡ್ತೀಯ, ಮುಂದಿಂದು ಮರ್ತೋಯ್ತಾ?" ಅಂತಾರೆ.

ಜುಲೈ 22, ಸಂಜೆ
ಡಬ್ಬಿ ಮತ್ತೆ ಕ್ಲಾಸಿಗೆ. ಮಕ್ಕಳಿಗೆ ಹೇಳಿಯೇಬಿಟ್ಟೆ—ಡಬ್ಬಿ ಹೇಳಿದ್ದು ಸರಿ, ನನ್ನ ಮೇಲಿನ ಸಾ ಇಳಿದಿತ್ತು, ನಾನೂ ಕಲಿಯುತ್ತಿದ್ದೇನೆ ಅಂತ. ಒಬ್ಬರೂ ನಗಲಿಲ್ಲ.

"ಕಣ್ಮುಚ್ಕೊಂಡು ಹಾಡಿ ಮಿಸ್," ಅಂದಳು ಹರಿಣಿ. "ದೀಪ ನೋಡ್ತಿದ್ರೆ ಹೆದ್ರಿಕೆ ಆಗುತ್ತೆ. ನಾವ್ ನೋಡಿ ಹೇಳ್ತೀವಿ."

ಮುಚ್ಚಿಕೊಂಡೆ. ಮೇಲಿನ ಸಾ ತನಕ ಹತ್ತಿದೆ. ಹಿಡಿದೆ—ಉಸಿರು ಮುಗಿಯುವ ತನಕ. ಕಣ್ಣು ಬಿಡುವ ಮೊದಲೇ ನನ್ನ ಕಿವಿಗೆ ಗೊತ್ತಾಯಿತು, ಷಡ್ಜ ಅದರ ಜಾಗದಲ್ಲೇ ನಿಂತಿತ್ತು. ಆದರೂ ಹರಿಣಿ ಹೇಳಲಿ ಅಂತ ಕಾದೆ. ಅವಳು, "ಹಸ್ರು ಮಿಸ್!" ಅಂತ ಕೂಗಿದಳು.